ಅಪ್‌ಡೇಟ್: ಗ್ಯಾಸ್ ಅಲ್ಲ, ಕಂಡೆನ್ಸರೇ ಹೋಗಿತ್ತು

ಹೋದ ತಿಂಗಳು ಕೇಳಿದ್ದೆನಲ್ಲ, ನಮ್ಮ 2009ರ ಕಾರಿಗೆ ಗ್ಯಾಸ್ ತುಂಬಿಸಿದ ಹದಿನೈದೇ ದಿನಕ್ಕೆ ಎಸಿ ಬಿಸಿಗಾಳಿ ಊದುತ್ತೆ, ಏನು ಮಾಡಲಿ ಅಂತ. ಕಂಡೆನ್ಸರ್ (ಎಸಿಯ ಬಿಸಿ ಗ್ಯಾಸನ್ನು ಹೊರಗಿನ ಗಾಳಿಗೆ ತಣಿಸುವ ಜಾಲರಿ) ನೋಡಿಸಿ ಅಂದವರ ಮಾತೇ ನಿಜವಾಯ್ತು.

ದಾವಣಗೆರೆ ಪಿ.ಬಿ. ರಸ್ತೆ ಕಡೆಯ ಎಸಿ ಮೆಕ್ಯಾನಿಕ್ ಒಬ್ಬರು ಮೊದಲು ಗ್ಯಾಸ್ ಮುಟ್ಟಲೇ ಇಲ್ಲ. ಸೋರಿಕೆ ಹುಡುಕೋಕೆ ಪೈಪಿನೊಳಗೆ ನೈಟ್ರೋಜನ್ ಒತ್ತಿ, ಹೊರಗಿನಿಂದ ಸೋಪಿನ ನೀರು ಬಿಟ್ಟರು. ರೇಡಿಯೇಟರ್ ಮುಂದಿರುವ ಕಂಡೆನ್ಸರಿನ ಕೆಳಮೂಲೆಯಲ್ಲಿ ಗುಳ್ಳೆ ಎದ್ದವು. ಅಲ್ಲೇ ಧೂಳು ಅಂಟಿದ ಎಣ್ಣೆಜಿಡ್ಡು. ಕಾರು ತೊಳೆಯುವಾಗಲೆಲ್ಲ ನೋಡಿದ್ದೆ, ಇಂಜಿನ್ ಆಯಿಲ್ ಅಂದುಕೊಂಡಿದ್ದೆ. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತೆ, ಸೋರುವ ಕಡೆ ಕಲೆ ಬೀಳುತ್ತೆ ಅಂತ ಈಗ ಗೊತ್ತಾಯ್ತು.

ಬೆಸುಗೆ ಹಾಕಿ ಮುಗಿಸಿ ಅಂತ ಚೌಕಾಸಿ ಮಾಡಿದೆ. "ಸಾರ್, ತೆಳು ಅಲ್ಯೂಮಿನಿಯಂ. ಇವತ್ತು ಇಲ್ಲಿ ಮುಚ್ಚಿದ್ರೆ ನಾಳೆ ಪಕ್ಕದಾಗೆ ತೂತು ಬೀಳ್ತತಿ" ಅಂದರು. ಹೊಸದೇ ಹಾಕಿಸಿದೆ. ಬಂಪರ್ ಬಿಚ್ಚೋದಕ್ಕೇ ಅರ್ಧ ದಿನ. ತುಕ್ಕು ಹಿಡಿದ ಒಂದು ಬೋಲ್ಟ್ ಮುರಿದೇ ಹೋಯ್ತು. ಗ್ಯಾಸಿನ ತೇವ ಹೀರುವ ಡ್ರೈಯರ್, ಜಾಯಿಂಟುಗಳ ರಬ್ಬರ್ ಓ-ರಿಂಗ್‌ಗಳೂ ಹೊಸವು. ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆದು ತೇವ ತೆಗೆದು, ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಆರ್-134ಎ ಗ್ಯಾಸನ್ನು ತೂಕ ಮಾಡಿ ತುಂಬಿದರು. ಹಿಂದಿನವರು ಅಂದಾಜಿನ ಮೇಲೆ ತುಂಬಿದ್ದರು, ನಾನೂ ಕಣ್ಣುಮುಚ್ಚಿ ದುಡ್ಡು ಕೊಟ್ಟಿದ್ದೆ.

ಭಾನುವಾರ ಮಟಮಟ ಮಧ್ಯಾಹ್ನ ಎಲ್ಲರನ್ನೂ ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೊರಟೆ. ಭರಮಸಾಗರ ದಾಟೋಷ್ಟರಲ್ಲಿ ಹಿಂದಿನ ಸೀಟಿನಿಂದ ಅಮ್ಮ, "ಒಂಚೂರು ಕಮ್ಮಿ ಮಾಡಪ್ಪ, ಕಾಲು ಹಿಡ್ಕಂಡ್ವು" ಅಂದರು.

ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಇನ್ನೂ ತಂಪು ಕಮ್ಮಿಯಾಗುತ್ತೆ. ಕಂಡೆನ್ಸರ್ ಫ್ಯಾನ್ ನಿಧಾನವಾಗಿದೆಯಂತೆ. ಅದು ಮುಂದಿನ ಸಂಬಳಕ್ಕೆ.