ಕುತುಬ್ ಮಿನಾರಿನ ಮೇಲಿನ ಎರಡು ಅಂತಸ್ತುಗಳು ಬೇರೆಯಾಗಿ ಕಾಣುವುದೇಕೆ?

ಪ್ರಶ್ನೆ:
ದೆಹಲಿಯ ಕುತುಬ್ ಮಿನಾರಿನ ಕೆಳಗಿನ ಮೂರು ಅಂತಸ್ತುಗಳ ಮೈಮೇಲೆ ಉದ್ದಕ್ಕೂ ಏಣುಗಳಿವೆ. ಮೇಲಿನ ಎರಡು ಮಾತ್ರ ನುಣುಪಾಗಿದ್ದು, ಅಮೃತಶಿಲೆ ಬೆರೆತು, ಬೇರೊಂದು ಕಟ್ಟಡದಿಂದ ತಂದಿರಿಸಿದಂತೆ ತೋರುತ್ತವೆ. ಮೂಲ ವಿನ್ಯಾಸವೇ ಹೀಗಿತ್ತೇ? 72.5 ಮೀಟರ್ ಎತ್ತರದಿಂದ ಕೂಗಿದ ಆಜಾನ್ ನೆಲದ ಮೇಲಿದ್ದವರಿಗೆ ಕೇಳಿಸುತ್ತಿತ್ತೇ ಎಂಬ ಸಂದೇಹವೂ ಇದೆ.

ಮೊದಲ ಉತ್ತರ:
ಮೂಲದಲ್ಲಿ ಹೀಗಿರಲಿಲ್ಲ. 1199ರ ಸುಮಾರಿಗೆ ಕೆಲಸ ಆರಂಭಿಸಿದ ಕುತುಬುದ್ದೀನ್ ಐಬಕನ ಕಾಲದಲ್ಲಿ ಮುಗಿದದ್ದು ಮೊದಲ ಅಂತಸ್ತು ಮಾತ್ರ. ಮುಂದಿನ ಮೂರನ್ನು ಇಲ್ತಮಶ್ ಕಟ್ಟಿಸಿ ನಾಲ್ಕು ಅಂತಸ್ತುಗಳ ಮಿನಾರನ್ನು ಪೂರೈಸಿದನು. ಏಣುಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ಗಮನಿಸಿ: ಮೊದಲನೆಯದರಲ್ಲಿ ಗುಂಡನೆಯದೂ ಮೊನಚಾದದ್ದೂ ಒಂದರ ಪಕ್ಕ ಒಂದು ಬರುತ್ತವೆ, ಎರಡನೆಯದರಲ್ಲಿ ಗುಂಡನೆಯವು ಮಾತ್ರ, ಮೂರನೆಯದರಲ್ಲಿ ಮೊನಚಾದವು ಮಾತ್ರ. ಫಿರೋಜ್ ಷಾ ತುಘಲಕನ ಆಳ್ವಿಕೆಯಲ್ಲಿ ಸಿಡಿಲು ಬಡಿದು ನಾಲ್ಕನೆಯ ಅಂತಸ್ತು ಹಾಳಾದಾಗ, ಅದರ ಕೆಳಭಾಗದ ಹಳೆಯ ಮರಳುಗಲ್ಲನ್ನು ಉಳಿಸಿಕೊಂಡು, 1368ರ ಸುಮಾರಿಗೆ ಆ ಒಂದರ ಜಾಗದಲ್ಲಿ ಎರಡು ಅಂತಸ್ತುಗಳನ್ನು ಎಬ್ಬಿಸಲಾಯಿತು. ನೀವು ಕಂಡ ಅಮೃತಶಿಲೆ ಆ ದುರಸ್ತಿಯದು. ಆಗ ದುಡಿದ ಶಿಲ್ಪಿಗಳು ವಿಶ್ವಕರ್ಮನನ್ನು ನೆನೆದು ನಾಗರಿ ಲಿಪಿಯಲ್ಲಿ ಬರೆಸಿದ ಸಾಲುಗಳೂ ಮಿನಾರಿನ ಮೇಲಿವೆ. ಸುಲ್ತಾನರ ಶಾಸನಗಳಿಗಿಂತ ನನಗೆ ಅವೇ ಹೆಚ್ಚು ಆಪ್ತ.

ಎರಡನೆಯ ಉತ್ತರ:
ಏಣುಗಳ ಮೂಲವನ್ನು ಅಫ್ಘಾನಿಸ್ತಾನದಲ್ಲಿ ಹುಡುಕಬೇಕು. ಘಜ್ನಿಯಲ್ಲಿ ಉಳಿದಿರುವ 12ನೆಯ ಶತಮಾನದ ಎರಡು ಇಟ್ಟಿಗೆ ಗೋಪುರಗಳ ತಳವಿನ್ಯಾಸ ನಕ್ಷತ್ರಾಕಾರದ್ದು. ಘೋರಿ ದೊರೆ ಘಿಯಾಸುದ್ದೀನನು ಜಾಮ್‌ನಲ್ಲಿ ಕಟ್ಟಿಸಿದ, ಸುಮಾರು 65 ಮೀಟರ್ ಎತ್ತರದ ಮಿನಾರೂ ಇಟ್ಟಿಗೆಯದೇ. ಕುತುಬ್ ಮಿನಾರಿನ ಮೊದಲ ಅಂತಸ್ತಿನ ಶಾಸನಪಟ್ಟಿಗಳಲ್ಲಿ ಈ ಘಿಯಾಸುದ್ದೀನನ ಹೆಸರೂ ಅವನ ತಮ್ಮನೂ ಐಬಕನ ಒಡೆಯನೂ ಆಗಿದ್ದ ಮುಯಿಜುದ್ದೀನನ (ಮಹಮ್ಮದ್ ಘೋರಿಯ) ಹೆಸರೂ ಇರುವುದರಿಂದ ಈ ನಂಟು ಕೇವಲ ಊಹೆಯಲ್ಲ. ಅಲ್ಲಿ ಇಟ್ಟಿಗೆಯಲ್ಲಿ ರೂಢಿಯಾಗಿದ್ದ ಆಕಾರವನ್ನು ಇಲ್ಲಿನ ಶಿಲ್ಪಿಗಳು ಕಲ್ಲಿಗೆ ಒಗ್ಗಿಸಿದರು.

ಆಜಾನ್ ವಿಚಾರದಲ್ಲಿ ನಿಮ್ಮ ಸಂದೇಹ ಸರಿಯೇ. ಮೊದಲ ಬಾಲ್ಕನಿಯಿಂದ ಕೂಗಿದರೆ ಕೇಳಿಸೀತು, ಆದರೆ 379 ಮೆಟ್ಟಿಲು ಹತ್ತಿ ತುದಿಯಿಂದ ದಿನಕ್ಕೆ ಐದು ಬಾರಿ ಕೂಗುವುದು ನಡೆಯುವ ಮಾತಲ್ಲ. ಇಷ್ಟು ಎತ್ತರ ಬೇಕಾದದ್ದು ಹೊಸ ಅಧಿಕಾರವನ್ನು ದೂರದವರೆಗೂ ಕಾಣಿಸುವುದಕ್ಕೆ ಎಂದೇ ನನ್ನ ಅಭಿಪ್ರಾಯ. ಐಬಕನ ಕಾಲದಲ್ಲಿ ಮಿನಾರು ಪಕ್ಕದ ಕುವ್ವತುಲ್ ಇಸ್ಲಾಂ ಮಸೀದಿಯ ಆವರಣದ ಹೊರಗೇ ನಿಂತಿತ್ತು. ಇಲ್ತಮಶ್ ಮಸೀದಿಯನ್ನು ವಿಸ್ತರಿಸಿದ ಮೇಲೆ ಒಳಗೆ ಸೇರಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಫಿರೋಜ್ ಷಾನ ನಂತರ ತುದಿಯಲ್ಲಿ ಏನೂ ಬದಲಾಗಲಿಲ್ಲವೇ?

ಮೂರನೆಯ ಉತ್ತರ:
ಬದಲಾಯಿತು. 1803ರ ಭೂಕಂಪದಲ್ಲಿ ತುದಿಯ ಗುಮ್ಮಟ ಉರುಳಿತು. 1828ರಲ್ಲಿ ದುರಸ್ತಿ ನಡೆಸಿದ ಮೇಜರ್ ರಾಬರ್ಟ್ ಸ್ಮಿತ್ ಅದರ ಬದಲಿಗೆ ಬಂಗಾಳಿ ಶೈಲಿಯ ಮಂಟಪವೊಂದನ್ನು ಕೂರಿಸಿದನು. ಅದು ಮಿನಾರಿಗೆ ಸ್ವಲ್ಪವೂ ಹೊಂದಲಿಲ್ಲವೆಂದು 1848ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಕೆಳಗಿಳಿಸಿದನು. ಆ ಮಂಟಪ ಈಗಲೂ ಅದೇ ಆವರಣದ ಹುಲ್ಲುಹಾಸಿನ ಮೇಲಿದೆ. ಮುಂದೆ ಹೋದಾಗ ಮಿನಾರನ್ನೂ ಅದನ್ನೂ ಒಟ್ಟಿಗೆ ನೋಡಿ, ಹಾರ್ಡಿಂಜನ ತೀರ್ಮಾನ ಸರಿಯೋ ತಪ್ಪೋ ನೀವೇ ಹೇಳಿ.