ಸಹಾಯ ಬೇಕು: ಫಾಲೋಅಪ್ ಸಿಟಿ ಸ್ಕ್ಯಾನ್‌ನಲ್ಲಿ ರೇಡಿಯೇಶನ್ ಕಡಿಮೆ ಮಾಡಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 34 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿದೆ, ಕೀಮೋನೂ ಮುಗಿದಿದೆ. ಇನ್ನು ಕೆಲವು ವರ್ಷ ಸಿಇಎ (ಕ್ಯಾನ್ಸರ್ ಮರಳಿರುವ ಸುಳಿವು ಕೊಡಬಹುದಾದ) ರಕ್ತಪರೀಕ್ಷೆ ಜೊತೆ ಎದೆ, ಹೊಟ್ಟೆಯ ಸಿಟಿ ಮಾಡಿಸುತ್ತಾ ಇರಬೇಕು. ಸ್ಕ್ಯಾನ್ ಬೇಡ ಅಂತಲ್ಲ, ಅದು ಬೇಕೇ ಬೇಕು. ಆದರೆ ಚಿಕ್ಕ ವಯಸ್ಸು, ಡೋಸ್ ಸೇರುತ್ತಾ ಹೋಗುತ್ತೆ ಅಲ್ವಾ?

ಹೋದ ಸಲದ ಸಿಡಿಯಲ್ಲಿ ಡೋಸ್ ಶೀಟ್ ನೋಡಿದೆ. ಒಟ್ಟು ಡಿಎಲ್‌ಪಿ (ಇಡೀ ಸ್ಕ್ಯಾನ್‌ನಲ್ಲಿ ಯಂತ್ರ ಕೊಟ್ಟ ರೇಡಿಯೇಶನ್ನಿನ ಅಳತೆ) 1,800. ದೇಹಕ್ಕೆ ಸಿಕ್ಕ ಡೋಸ್ ಅಂದಾಜು ಮಾಡೋಕೆ ಅದನ್ನು 0.015ರಿಂದ ಗುಣಿಸಿದರೆ ಸುಮಾರು 27 ಮಿಲಿಸೀವರ್ಟ್. ಪ್ರಕೃತಿಯಿಂದ ನಮಗೆಲ್ಲ ವರ್ಷಕ್ಕೆ ಸಿಗೋದೇ ಸರಾಸರಿ 2.4! ಹೊಟ್ಟೆಯನ್ನು ಮೂರು ಹಂತದಲ್ಲಿ ಮೂರು ಸಲ ಸ್ಕ್ಯಾನ್ ಮಾಡಿದ್ದಾರೆ: ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ದ್ರವ) ಕೊಡುವ ಮುಂಚೆ, ಆಮೇಲೆ ಅದು ಅಪಧಮನಿಗಳಲ್ಲಿ ಇರುವಾಗ (ಆರ್ಟೀರಿಯಲ್), ನಂತರ ಲಿವರ್‌ಗೆ ಹೋಗುವ ಪೋರ್ಟಲ್ ಸಿರೆಯಿಂದ ಲಿವರ್‌ ತುಂಬಿದಾಗ (ಪೋರ್ಟಲ್ ವೀನಸ್). ಈ ಕ್ಯಾನ್ಸರ್ ಲಿವರ್‌ಗೆ ಹರಡಿದ್ದರೆ ಸಾಮಾನ್ಯವಾಗಿ ಪೋರ್ಟಲ್ ವೀನಸ್‌ನಲ್ಲೇ ಚೆನ್ನಾಗಿ ಕಾಣುತ್ತೆ ಅಂತ ಓದಿದ್ದೇನೆ. ಟೆಕ್ನಿಷಿಯನ್ ಕೇಳಿದರೆ "ನಮ್ಮ ಪ್ರೋಟೋಕಾಲ್ ಹಾಗೇ ಇದೆ" ಅಂದರು. ಕ್ಯಾನ್ಸರ್ ಡಾಕ್ಟರ್ "ರೇಡಿಯಾಲಜಿಯವರನ್ನು ಕೇಳಿ" ಅಂದರು.

ನನ್ನ ಗೊಂದಲ ಇದು. ಒಂದೊಂದು ಸ್ಕ್ಯಾನಿನ ಡೋಸ್ ತೀರಾ ಇಳಿಸಿದರೆ ಚಿತ್ರ ಕಾಳುಕಾಳಾಗಿ ಲಿವರ್‌ನ ಸಣ್ಣ ಗಡ್ಡೆ ತಪ್ಪಿಹೋಗಬಹುದು. ಅದು ನನಗೆ ಖಂಡಿತ ಬೇಡ. ಅದರ ಬದಲು ಈ ಮೂರು ಹಂತಗಳನ್ನೇ ಕಡಿಮೆ ಮಾಡಿದರೆ?

ರೇಡಿಯಾಲಜಿಯಲ್ಲಿ ಇರುವವರು ದಯವಿಟ್ಟು ಹೇಳಿ: ಇಂಥ ಫಾಲೋಅಪ್‌ಗೆ ಪೋರ್ಟಲ್ ವೀನಸ್ ಒಂದೇ ಸಾಕಾ? ಸಾಕು ಅಂದರೆ, ರಿಕ್ವೆಸ್ಟ್ ಫಾರಂನಲ್ಲಿ ಡಾಕ್ಟರ್ ಹತ್ತಿರ ಏನಂತ ಬರೆಸಬೇಕು?