‘ಬ್ರಾಕಿಥೆರಪಿ’ಗೆ ಕನ್ನಡದಲ್ಲಿ ಯಾವ ಪದ ಸರಿ?

ಗರ್ಭಕೊರಳಿನ (ಗರ್ಭಕಂಠದ) ಕ್ಯಾನ್ಸರ್‌ಗೆ ಸುಮಾರು 5 ವಾರಗಳ ಕಾಲ ಹೊರಗಿನಿಂದ ವಿಕಿರಣ ಕೊಟ್ಟ ಬಳಿಕ ಒಳಗಿನಿಂದಲೂ ಕೊಡುವ ಚಿಕಿತ್ಸೆಯನ್ನು ವೈದ್ಯರು ಬ್ರಾಕಿಥೆರಪಿ ಎನ್ನುತ್ತಾರೆ. ಇದಕ್ಕೆ ‘ಆಂತರಿಕ ವಿಕಿರಣ ಚಿಕಿತ್ಸೆ’, ‘ಒಳವಿಕಿರಣ’ ಎಂಬ ಪದಗಳನ್ನು ಬಳಸುವುದನ್ನು ನೋಡಿದ್ದೇನೆ. ಇವು ಸಾಕಾಗುವುದಿಲ್ಲವೆಂದು ನನಗೆ ಅನ್ನಿಸಿದ್ದು ಸಾಗರದ ಕಡೆಯ ನಮ್ಮ ಚಿಕ್ಕಮ್ಮ ಚಿಕಿತ್ಸೆ ಮುಗಿಸಿ ಮನೆಗೆ ಬಂದಾಗ. ಕೊಟ್ಟಿದ್ದ ಚೀಟಿಯಲ್ಲಿ ‘ಒಳವಿಕಿರಣ’ ಎಂದಿದ್ದುದನ್ನು ಓದಿಸಿಕೊಂಡು ಅವರು ಕೇಳಿದ್ದು ಇಷ್ಟೇ: “ಒಳಗಿಟ್ಟ ಕರೆಂಟನ್ನು ಯಾವಾಗ ತೆಗೀತಾರೆ? ಅಲ್ಲಿವರೆಗೆ ಮೊಮ್ಮಗನ್ನ ಎತ್ತಿಕೊಳ್ಳಬಾರದಾ?”

ಅವರಿಗೆ ಆದದ್ದು ಬೇರೆ. ಗರ್ಭಕೋಶದೊಳಕ್ಕೂ ಗರ್ಭಕೊರಳಿನ ಪಕ್ಕಕ್ಕೂ ಮೊದಲು ಟೊಳ್ಳು ಕೊಳವೆಗಳನ್ನು ಕೂರಿಸಿ, ಅವುಗಳ ಮೂಲಕ ತಂತಿಯ ತುದಿಗಂಟಿದ, ಅಕ್ಕಿಕಾಳಿಗಿಂತ ಚಿಕ್ಕದಾದ ಇರಿಡಿಯಂ-192 ಎಂಬ ವಿಕಿರಣ ಸೂಸುವ ಲೋಹದ ಚೂರನ್ನು ಯಂತ್ರವೇ ಒಳಗೆ ಕಳುಹಿಸಿ, ಕೆಲವು ನಿಮಿಷಗಳ ನಂತರ ಹಿಂದಕ್ಕೆ ಎಳೆದುಕೊಂಡಿತ್ತು. ಹೀಗೆ ಕೆಲವು ಬಾರಿ ನಡೆದಿತ್ತು. ಚೂರು ಹೊರಬಂದ ಕ್ಷಣದಿಂದ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ. ಮಗುವನ್ನು ಮುಟ್ಟಲು ಯಾವ ಅಡ್ಡಿಯೂ ಇಲ್ಲ. ಥೈರಾಯ್ಡ್ ಕ್ಯಾನ್ಸರ್‌ಗೆ ನುಂಗಿಸುವ, ವಿಕಿರಣ ಸೂಸುವ ಅಯೋಡಿನ್-131ರ ಮಾತು ಹಾಗಲ್ಲ, ಅದು ಕೆಲವು ದಿನ ದೇಹದಲ್ಲೇ ಇರುತ್ತದೆ. ‘ಆಂತರಿಕ’ ಎಂಬ ಒಂದೇ ಪದ ಇವೆರಡಕ್ಕೂ ಸಲ್ಲುವುದರಿಂದಲೇ ಈ ಗೊಂದಲ.

ಗ್ರೀಕಿನ ‘ಬ್ರಾಕಿ’ಗೆ ಗಿಡ್ಡ, ಮೋಟು ಎಂಬ ಅರ್ಥವಿದೆ. ಅದನ್ನು ನೇರವಾಗಿ ‘ಹ್ರಸ್ವ ಚಿಕಿತ್ಸೆ’ ಎಂದರೆ ಬೇಗ ಮುಗಿಯುವ ಚಿಕಿತ್ಸೆ ಎಂದಾದೀತು. ಆದರೆ ಇಲ್ಲಿ ಗಿಡ್ಡದಾಗಿರುವುದು ಕಾಲವಲ್ಲ, ವಿಕಿರಣದ ಮೂಲಕ್ಕೂ ಗೆಡ್ಡೆಗೂ ನಡುವಿನ ದೂರ. ಗೆಡ್ಡೆಯ ಪಕ್ಕದಲ್ಲೇ ಮೂಲವಿದ್ದಾಗ ಅದಕ್ಕೆ ಹೆಚ್ಚು ವಿಕಿರಣ ತಗಲುತ್ತದೆ, ದೂರ ಸರಿದಂತೆ ಪ್ರಮಾಣ ಥಟ್ಟನೆ ಇಳಿಯುವುದರಿಂದ ಮೂತ್ರಕೋಶ ಮತ್ತು ಗುದನಾಳಕ್ಕೆ ಬೀಳುವ ಪಾಲು ಕಡಿಮೆಯಾಗುತ್ತದೆ. ಚಿಕಿತ್ಸೆಯ ತಿರುಳೇ ಇದಾಗಿರುವಾಗ ‘ಸಮೀಪ ವಿಕಿರಣ ಚಿಕಿತ್ಸೆ’ ಎಂಬುದೇ ಬರಹಕ್ಕೆ ಸರಿಯೆಂದು ನನ್ನ ಅಭಿಪ್ರಾಯ. ಮಾತಿನಲ್ಲಿ ‘ಒಳಗಿನಿಂದ ಕೊಟ್ಟು ತೆಗೆಯುವ ಕರೆಂಟು’ ಎನ್ನಬಹುದು. ವಿಕಿರಣ ವಿದ್ಯುತ್ತಲ್ಲವೆಂಬ ಆಕ್ಷೇಪ ನಿಜವಾದರೂ, ‘ಕರೆಂಟು ಕೊಡುವುದು’ ನಮ್ಮ ಜನರಲ್ಲಿ ಬೇರೂರಿದ ಮಾತು. ಅದನ್ನು ಕೀಳುವುದಕ್ಕಿಂತ ಅದಕ್ಕೆ ‘ತೆಗೆಯುವ’ ಎಂಬುದನ್ನು ಸೇರಿಸುವುದು ಹೆಚ್ಚು ಉಪಯುಕ್ತ.

ಗರ್ಭಕಂಠ ಎನ್ನದೆ ಗರ್ಭಕೊರಳು ಎಂದು ಬರೆದುದಕ್ಕೂ ಕಾರಣವಿದೆ. ಕಂಠವೆಂದೊಡನೆ ಚಿಕ್ಕಮ್ಮ ಗಂಟಲು ಮುಟ್ಟಿಕೊಂಡರು. ‘ಗರ್ಭಕೋಶದ ಬಾಯಿ’ ಎಂದರೆ ಎಲ್ಲರಿಗೂ ತಿಳಿಯುತ್ತದೆ, ಆದರೆ ಬಾಯಿ ಆ ಕೊರಳಿನ ತುದಿಯ ರಂಧ್ರ ಮಾತ್ರ.

ಇನ್ನು ಉಳಿದಿರುವುದು ಆ ಟೊಳ್ಳು ಸಾಧನದ ಹೆಸರು. ‘ನಳಿಕೆ’ ಎಂದು ಬರೆಯಲು ಹೊರಟೆ. ಮಲೆನಾಡಿನಲ್ಲಿ ಆ ಪದಕ್ಕೆ ಮೊದಲು ನೆನಪಾಗುವುದು ಕೋವಿ, ಮೊದಲೇ ಹೆದರಿರುವ ಹೆಂಗಸಿಗೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಸದ್ಯಕ್ಕೆ ‘ಕೊಳವೆ’ ಎಂದಿಟ್ಟುಕೊಂಡಿದ್ದೇನೆ. ಈ ಚಿಕಿತ್ಸೆಯ ಕೊಠಡಿಗಳಲ್ಲಿ ಕನ್ನಡದಲ್ಲೇ ರೋಗಿಗಳಿಗೆ ವಿವರಿಸುವ ದಾದಿಯರು ಅದನ್ನು ಏನೆಂದು ಕರೆಯುತ್ತಾರೆಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.